ಅಂಚು ತಣ್ಣಗಿತ್ತು

ಹುಲ್ಲಿನ ಕೊಯ್ಲು ಮುಗಿಯುತ್ತ ಬಂದಿತ್ತು. ಕೆಳಗಿನ ಬಯಲಿನಲ್ಲಿ ಕೊನೆಯ ಸಾಲುಗಳನ್ನು ಬಿಸಿಲಿಗೆ ಮಗುಚಿ ಹಾಕುತ್ತಿದ್ದರು. ಸುಟ್ಟುಹೋದ ಹುಲ್ಲಿನ ಶೆಡ್ಡಿನೊಳಗೆ ಇಂಜಿನಿಯರಮ್ಮ ಮಂಡಿಯೂರಿ, ಕರಣೆಯಿಂದ ಬೂದಿಯನ್ನು ಪದರ ಪದರವಾಗಿ ಕೆರೆಯುತ್ತಿದ್ದಳು. ವಿಮಾ ಕಂಪನಿಯವರು ಕಳಿಸಿದವಳು. ಬೆಂಕಿ ಎಲ್ಲಿ ಹುಟ್ಟಿತು, ಹೇಗೆ ಹುಟ್ಟಿತು ಎಂದು ಹುಡುಕುವುದೇ ಅವಳ ಕಸುಬು. ಕಡಿಮೆ ಸುಟ್ಟ ಕಡೆಯಿಂದ ಹೆಚ್ಚು ಸುಟ್ಟ ಕಡೆಗೆ ಹೋಗಬೇಕು, ಅಗೆದು ಮುಗಿಯುವ ತನಕ ಯಾರನ್ನೂ ಏನೂ ಕೇಳಬಾರದು ಎಂಬುದು ಅವಳ ಪದ್ಧತಿ.

ಕೇಳದಿದ್ದರೂ ಹೇಳುವವರಿದ್ದರಲ್ಲ. ಆ ಮನೆಯ ಮುದುಕಿ ಊರುಗೋಲು ಹಿಡಿದು ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತಿದ್ದಳು. ಕಿರಿಮಗನ ಸಿಗರೇಟೇ ಶೆಡ್ಡನ್ನು ನುಂಗಿತೆಂದು ಊರಿನ ಹಾಲಿನ ಡೇರಿಯಲ್ಲೂ ಮನೆಗೆ ಬಂದವರಿಗೂ ಸಾರಿಯಾಗಿತ್ತು. ಅಂದಿನಿಂದ ಅವನು ಮನೆಯ ಊಟ ಬಿಟ್ಟು ಪಂಪಿನ ಕೋಣೆಯಲ್ಲಿ ಮಲಗುತ್ತಿದ್ದ. ವರದಿಯಲ್ಲೂ ಅದೇ ಬಂದರೆ ತಮ್ಮನು ಊರನ್ನೇ ಬಿಡುತ್ತಾನೆ ಎಂದು ಹಿರಿಮಗ ಅಳತೆ ಟೇಪಿನ ತುದಿ ಹಿಡಿದುಕೊಂಡೇ ಮೆಲ್ಲಗೆ ಹೇಳಿದ. ಅವನಿಗೆ ಕನಿಕರವಿತ್ತು, ಅಮ್ಮನಿಗೆ ಎದುರಾಡುವ ಎದೆಯಿರಲಿಲ್ಲ.

"ಬೂದಿ ಕೆದಕೋಕೆ ನಮ್ಮನೆ ಕೋಳಿ ಸಾಕಿತ್ತು. ಅದಕ್ಕೆ ಇಷ್ಟೆಲ್ಲ ಓದಬೇಕಿತ್ತಾ ಮಗಳೇ?" ಎಂದಳು ಮುದುಕಿ.

"ಕೋಳಿಗೆ ವರದಿ ಬರೆಯೋಕೆ ಬರಲ್ಲವಲ್ಲ ಅಜ್ಜಿ."

ಕಿರಿಮಗ ಕೂತು ಸಿಗರೇಟು ಸೇದುತ್ತಿದ್ದದ್ದು ಬಾಗಿಲ ಬಳಿ. ಅಲ್ಲಿ, ಬಿದ್ದ ತಗಡಿನಡಿಯ ಹುಲ್ಲು ಇನ್ನೂ ಹುಲ್ಲಿನ ಬಣ್ಣದಲ್ಲೇ ಇತ್ತು. ಒಳಗೆ ಹೋದಂತೆ ಕಂದು. ನಡುವೆ ಬಾವಿಯಂಥ ಕರಿಗುಳಿ, ಸುಟ್ಟ ಸಕ್ಕರೆಯ ವಾಸನೆ. ಚಾವಣಿಯ ಕಬ್ಬಿಣ ಹೆಚ್ಚು ಬಾಗಿದ್ದೂ ಆ ಗುಳಿಯ ನೇರಕ್ಕೆ. ಬೆಂಕಿ ಹೊರಗಿನಿಂದ ಬಂದದ್ದಲ್ಲ. ಹಸಿಯಾಗಿ ಒಟ್ಟಿದ ಹುಲ್ಲು ವಾರಗಟ್ಟಲೆ ಒಳಗೊಳಗೇ ಬೆಂದು ತಾನಾಗಿ ಹೊತ್ತಿಕೊಂಡಿತ್ತು.

ಆಗ ಮಾತ್ರ ಅವಳು ಹಿರಿಮಗನನ್ನು ವಿಚಾರಿಸಿದಳು. ಮೋಡ ಕವಿದದ್ದರಿಂದ ಅರೆಬರೆ ಒಣಗಿದ್ದನ್ನೇ ಒಳಗೆ ತುಂಬಿದ್ದು ನಿಜವೆಂದು ಅವನು ಒಪ್ಪಿದ. ಅಂಥ ವರ್ಷ ಅಮ್ಮ ದಿನಾ ಸಂಜೆ ಮೆದೆಯ ಮೇಲೆ ಹತ್ತಿ, ನಡುವಿಗೆ ಕಬ್ಬಿಣದ ಸರಳು ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದಳು. ಬಿಸಿಯಿದ್ದರೆ ಮೆದೆ ಬಿಚ್ಚುತ್ತಿದ್ದರು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಈ ಸಲವೂ ತಣ್ಣಗಿದೆ ಎಂದೇ ಹೇಳಿದ್ದಳಂತೆ.

ಸರಳು ಸಿಕ್ಕಿದ್ದು ಬಾಗಿಲ ಪಕ್ಕದ ಸುಡದ ಹುಲ್ಲಿನಲ್ಲಿ, ನೆಲದ ಮೇಲೆ ನಿಂತವರ ಕೈ ಎಟುಕುವ ಎತ್ತರಕ್ಕೆ ಚುಚ್ಚಿಕೊಂಡಂತೆಯೇ. ಇಂಜಿನಿಯರಮ್ಮ ಬಂದು ಮುದುಕಿಯ ಪಕ್ಕ ಕೂತಳು. ದನಿ ತಗ್ಗಿಸಿದಳು.

"ಅಜ್ಜಿ, ಈ ಸಲ ಮೇಲೆ ಹತ್ತೋಕೆ ಆಗಿತ್ತಾ?"

ಮುದುಕಿ ಮಂಡಿ ನೀವಿಕೊಂಡಳು.

"ಕಾಲು ಏಳಲಿಲ್ಲ. ಹೇಳಿದ್ರೆ ಆ ಕೆಲಸಾನೂ ಸೊಸೆ ಕೈಗೆ ಹೋಗ್ತಿತ್ತು. ಮುಟ್ಟಿದಾಗ ತಣ್ಣಗೇ ಇತ್ತು ಮಗಳೇ."

"ಅಂಚು ತಣ್ಣಗಿತ್ತು. ನೀವು ಸುಳ್ಳು ಹೇಳಿಲ್ಲ. ಬಿಸಿ ನಡುವೆ ಇತ್ತು."

"ಬರೀತೀಯಾ?"

ಹುಲ್ಲು ತಾನೇ ಹೊತ್ತಿಕೊಂಡಿತು, ಸಿಗರೇಟಿನಿಂದಲ್ಲ ಎಂದು ಬರೆಯುವುದಾಗಿ ಅವಳು ಹೇಳಿದಳು. ಸರಳು ಎಲ್ಲಿತ್ತೆಂಬುದನ್ನೂ ಬರೆಯಲೇಬೇಕು. "ಆದ್ರೆ ನನ್ನ ಕಾಗದ ಕಂಪನಿಗೆ ಹೋಗುತ್ತೆ ಅಜ್ಜಿ. ಪಂಪಿನ ಕೋಣೆಗೆ ಹೋಗಲ್ಲ."

ಮುದುಕಿ ಎದ್ದಳು. ಆಸರೆಗೆಂದು ಬಂದ ಹಿರಿಮಗನ ಕೈಯನ್ನು ಸರಿಸಿ, ಉಳುಮೆಯ ಹೆಂಟೆಗಳ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಹೋದಳು. ಕಿರಿಮಗ ಪಂಪಿನ ಮುಂದೆ ಪೈಪಿನ ಕೆಸರು ತೆಗೆಯುತ್ತಿದ್ದ. ತಲೆಯೆತ್ತಲಿಲ್ಲ.

"ನಿನ್ನ ಸಿಗರೇಟಲ್ಲ ಕಣೋ," ಎಂದಳು, ಶೆಡ್ಡಿನವರೆಗೂ ಕೇಳುವಂತೆ. "ಹತ್ತೋಕಾಗದೆ ಅಂಚಿಗೆ ಚುಚ್ಚಿ ತಣ್ಣಗಿದೆ ಅಂದವಳು ನಾನು. ತಪ್ಪು ನಂದು."

ಅವನು ಪೈಪನ್ನು ತಿರುಗಿಸಿ ಇನ್ನೊಂದು ತುದಿಯನ್ನೂ ತೊಳೆದ.

"ಹಾಲು ಅಳೆಯೋ ಕಡೆ ಎಲ್ಲರ ಮುಂದೆ ಅಂದುಬಿಟ್ಟಿದ್ದೀಯಲ್ಲಮ್ಮ."

"ಅಂದಿದ್ದೀನಿ. ಹಾಲಿನ ಹೊತ್ತಾಯ್ತು, ಎಲ್ಲರೂ ಬಂದಿರ್ತಾರೆ. ಅಲ್ಲೇ ಹೇಳ್ತೀನಿ, ನಡಿ. ಅಷ್ಟು ದೂರ ಒಬ್ಬಳೇ ನಡೆಯೋಕಾಗಲ್ಲ."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೋಳು ಕೊಟ್ಟ. ಇಬ್ಬರೂ ಮನೆಯ ದಾರಿ ಬಿಟ್ಟು ರಸ್ತೆಯ ಕಡೆಗೆ ಇಳಿದರು.