ಹೆಂಡತಿ ಬೈಯದ ನಲವತ್ತು ದಿನ

ದರ್ಜಿಗೆ ಹೃದಯಾಘಾತವಾಗಿ ನಲವತ್ತು ದಿನವಾಗಿತ್ತು. ಡಾಕ್ಟರು ಸ್ಟೆಂಟ್ ಹಾಕಿ, ಗುಳಿಗೆ ಕೊಟ್ಟು, ನಿಧಾನಕ್ಕೆ ಕೆಲಸ ಶುರು ಮಾಡಿ ಎಂದು ಕಳಿಸಿದ್ದರು. ಎದೆನೋವಿಲ್ಲ, ಉಬ್ಬಸವಿಲ್ಲ. ಆದರೂ ಮನುಷ್ಯ ದಿನೇ ದಿನೇ ಸೊರಗುತ್ತಿದ್ದ. ಕಾರಣ ಹೇಳಿದರೆ ನಗಬೇಡಿ: ಹೆಂಡತಿ ಅವನನ್ನು ಬೈಯುವುದು ನಿಲ್ಲಿಸಿದ್ದಳು.

ಅಯ್ಯೋ, ಅದೇನು ಸಾಮಾನ್ಯ ಬಾಯೇ! ಮೂವತ್ತು ವರ್ಷ ಅವನು ಬಟ್ಟೆ ಕತ್ತರಿಸಿದ್ದೂ, ಅವಳು ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತ ತಪ್ಪು ಹಿಡಿದದ್ದೂ ಒಂದೇ ಸಮನೆ ನಡೆದಿತ್ತು. ಅವನೂ ಸುಮ್ಮನಿರುವ ಆಸಾಮಿಯಲ್ಲ. ಗಿರಾಕಿಗಳು ಅಳತೆ ಕೊಟ್ಟಾದ ಮೇಲೂ ಜಗಳ ಕೇಳಲೆಂದೇ ಒಂದು ಗಳಿಗೆ ನಿಲ್ಲುತ್ತಿದ್ದರು. ಈಗ ನೋಡಿದರೆ ಅವಳದ್ದು ಎಲ್ಲದಕ್ಕೂ 'ಆಯ್ತು ಬಿಡಿ', 'ನಿಮ್ಮಿಷ್ಟ'. ಮೊನ್ನೆ ಬೇಕೆಂದೇ ಒಂದು ಅಂಗಿಗೆ ಎರಡೂ ತೋಳು ಎಡಗೈಯದ್ದೇ ಕತ್ತರಿಸಿ ಅವಳ ಮುಂದಿಟ್ಟ. ಅತ್ತ ಇತ್ತ ತಿರುಗಿಸಿ ನೋಡಿದಳು.

"ಚೆನ್ನಾಗಿದೆ ರೀ," ಎಂದಳು.

ಡಾಕ್ಟರು ಇವಳಿಗೆ ಗುಟ್ಟಾಗಿ ಏನೋ ಹೇಳಿದ್ದಾರೆ, ಸಾಯುವವನ ಹತ್ತಿರ ಯಾಕೆ ನಿಷ್ಠುರ ಅಂತ ಸುಮ್ಮನಿದ್ದಾಳೆ ಎಂದು ದರ್ಜಿಗೆ ಖಾತ್ರಿಯಾಯಿತು. ಅಂದಿನಿಂದ ಕತ್ತರಿ ಮುಟ್ಟಲಿಲ್ಲ. ಊಟ ಸೇರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿ ನಾಡಿ ಎಣಿಸುವುದೇ ಕೆಲಸವಾಯಿತು.

ತಪಾಸಣೆಯ ದಿನ ಇಬ್ಬರೂ ಆಸ್ಪತ್ರೆಗೆ ಹೋದರು. ನರ್ಸಮ್ಮ ಬಿ.ಪಿ. ನೋಡಿ, ಕಾಗದ ತಿರುವಿ, "ಎಲ್ಲಾ ಚೆನ್ನಾಗಿದೆಯಲ್ಲ ಯಜಮಾನ್ರೇ, ಮತ್ಯಾಕೆ ಮುಖ ಹೀಗೆ?" ಎಂದಾಗ ಅವನಿಗೆ ತಡೆಯಲಾಗಲಿಲ್ಲ.

"ನಿಜ ಹೇಳಿಬಿಡಿ ಸಿಸ್ಟರ್, ಇನ್ನೆಷ್ಟು ದಿನ? ಇವಳು ನನ್ನ ಹೊಗಳೋಕೆ ಶುರು ಮಾಡಿದಾಳೆ!"

ನಗಲು ಬಾಯಿ ತೆರೆದ ನರ್ಸಮ್ಮನ ಕಣ್ಣು ಅವನ ಹೆಂಡತಿಯ ಮೇಲೆ ಬಿತ್ತು. ಆಕೆ ಬಾಯಿಗೆ ಕೈ ಒತ್ತಿಕೊಂಡು ಬಿಕ್ಕುತ್ತಿದ್ದಳು.

"ಅವತ್ತು ನಾನು ಬೈತಾ ಇದ್ದಾಗ್ಲೇ ಇವರು ಎದೆ ಹಿಡ್ಕೊಂಡು ಕುಸಿದಿದ್ದು. ನನ್ನ ಹಾಳು ಬಾಯೇ ಇವರನ್ನ ತಿಂದುಬಿಡ್ತಿತ್ತು ಸಿಸ್ಟರ್. ಇನ್ನು ತುಟಿ ಬಿಚ್ಚಲ್ಲ ಅಂತ ಆಣೆ ಇಟ್ಕೊಂಡೆ."

ನರ್ಸಮ್ಮ ಸ್ಟೂಲು ಎಳೆದುಕೊಂಡು ಅವಳ ಹತ್ತಿರ ಕೂತಳು. "ಅಮ್ಮಾ, ಹೃದಯದ ರಕ್ತನಾಳ ಕಟ್ಕೊಳ್ಳೋಕೆ ವರ್ಷಗಟ್ಟಲೆ ಹಿಡಿದಿದೆ. ಇವರ ಸಿಗರೇಟು, ಸಕ್ಕರೆ ಕಾಯಿಲೆ ಎಲ್ಲಾ ಸೇರಿ ಆಗಿದ್ದು. ನಿಮ್ಮ ಮಾತಿಂದ ಆಗಿದ್ದಲ್ಲ. ಈಗ ಹೃದಯ ಸುಧಾರಿಸ್ತಿದೆ. ಆದ್ರೆ ಇಬ್ರೂ ಹೀಗೆ ಭಯ ನುಂಗ್ಕೊಂಡು ಕೂತ್ರೆ ಇವರು ಚೇತರಿಸ್ಕೊಳ್ಳೋದು ಹೇಗೆ? ಬಾಯಿಬಿಟ್ಟು ಮಾತಾಡಿ."

ಹೆಂಡತಿ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. ಮೆಲ್ಲಗೆ ಶುರುವಾದ ದನಿ ಏರುತ್ತ ಹೋಯಿತು.

"ಅಲ್ಲಾ ರೀ, ನಿಮ್ಮ ಸಾವನ್ನ ನಾನು ಮುಚ್ಚಿಡ್ತೀನಿ ಅಂದ್ಕೊಂಡ್ರಾ? ಮೂವತ್ತು ವರ್ಷದಲ್ಲಿ ಒಂದಾದ್ರೂ ಗುಟ್ಟು ನನ್ನ ಹೊಟ್ಟೇಲಿ ನಿಂತಿದೆಯಾ? ಅಷ್ಟೂ ಬುದ್ಧಿ ಬೇಡ್ವಾ ನಿಮಗೆ? ಕೇಳೋಕೆ ಬಾಯಿರ್ಲಿಲ್ವಾ?"

ಹೊರಗೆ ಕಾಯುತ್ತಿದ್ದವರು ಕತ್ತೆತ್ತಿ ಬಾಗಿಲತ್ತ ನೋಡಿದರು. ದರ್ಜಿಯ ಕಣ್ಣು ತುಂಬಿ ಬಂತು. ತಾನು ಬದುಕಿದ್ದೇನೆ ಎಂಬ ನಂಬಿಕೆ ಅವನಿಗೆ ಬಂದದ್ದೇ ಆಗ. ಜೀವ ಉಳಿಸಿದ ಡಾಕ್ಟರದ್ದು ಒಂದು ಋಣವಾದರೆ, ಇವಳ ಬಾಯಿ ತೆರೆಸಿದ ಈ ತಾಯಿಯದ್ದು ಅದಕ್ಕಿಂತ ದೊಡ್ಡದು ಎಂದುಕೊಂಡು ನರ್ಸಮ್ಮನಿಗೆ ಕೈಮುಗಿದ. ಅಷ್ಟರಲ್ಲಿ ಹೆಂಡತಿ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತಳು. ಅವನು ಗಾಬರಿಯಾಗಿ ಅವಳ ಕೈ ಹಿಡಿದುಕೊಂಡ.

"ನಿಲ್ಲಿಸಬೇಡ ಕಣೇ, ನಿನಗೆ ಪುಣ್ಯ ಬರುತ್ತೆ," ಎಂದ. "ಇನ್ನೊಂದ್ ಸ್ವಲ್ಪ ಬೈಯಿ."