ಸಾಹುಕಾರರ ಹೊಲದಲ್ಲಿ ಕಾಶೆವ್ವ

ಕಾಶೆವ್ವ ಸತ್ತದ್ದು ಕೊಣ್ಣೂರ ಹತ್ತಿರ, ಗುರುರಾಜ ಸಾಹುಕಾರರ ಹೊಲದಲ್ಲಿ, ಕುರಿಗಳ ನಡುವೆ. ಬೆಳಗ್ಗೆ ಎದೆ ಹಿಡಿದುಕೊಂಡು ಕುಳಿತವಳು ಏಳಲೇ ಇಲ್ಲ. ಇಪ್ಪತ್ತೆರಡು ವರ್ಷ, ಪ್ರತಿ ಬೇಸಿಗೆ, ಅವಳೂ ಗಂಡ ಮಾಳಪ್ಪನೂ ಅದೇ ಹೊಲದಲ್ಲಿ ರಾತ್ರಿ ಕುರಿ ತರುಬಿ ಮಲಗಿಸುತ್ತಿದ್ದರು. ಹಿಂಡಿನ ಗೊಬ್ಬರ ಸಾಹುಕಾರರ ಮಣ್ಣಿಗೆ, ಎರಡು ಚೀಲ ಜೋಳ ಇವರ ಹೊಟ್ಟೆಗೆ.

ಮಾಳಪ್ಪನ ಮನೆತನದಲ್ಲಿ ಸತ್ತವರನ್ನು ತಮ್ಮ ಹೊಲದ ಬದುವಿನಲ್ಲೇ ಹೂಳುವುದು ಪದ್ಧತಿ. ಸುಡುಗಾಡಿಗೆ ಒಯ್ದರೆ ದಿಕ್ಕಿಲ್ಲದ ಹೆಣ ಎಂದಂತೆ. ಅವನಿಗೆ ಹೊಲವೆಲ್ಲಿತ್ತು? ಒಂದು ಗೇಣೂ ಇರಲಿಲ್ಲ. ಆದರೆ ಹದಿನೈದು ದಿನದ ಹಿಂದೆ ಮೂಡಲಗಿಯ ಸಭೆಯಲ್ಲಿ ಸಾಹುಕಾರರು ಮೈಕಿನ ಮುಂದೆ ನಿಂತು, ಉಳ್ಳವರ ಸೊಕ್ಕನ್ನು ಜಾಡಿಸಿ, ತಮ್ಮ ಅರವತ್ತು ಎಕರೆ ತಮ್ಮೊಬ್ಬರದಲ್ಲ, ಬೆವರು ಸುರಿಸಿದವರಿಗೆಲ್ಲ ಅದರಲ್ಲಿ ಪಾಲಿದೆ ಎಂದಿದ್ದರು. ಮುಂದೆಯೇ ಕುಳಿತಿದ್ದ ಕಾಶೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಊರವರು ನಕ್ಕಿದ್ದರು. ಆಚಾರ ಹೇಳಾಕ, ಬದನಿಕಾಯಿ ತಿನ್ನಾಕ ಎಂದು ಸಾಹುಕಾರರ ಹೊಸ ಕಾರು ತೋರಿಸಿದ್ದರು. ಕಾಶೆವ್ವ ಬಿಟ್ಟಾಳೆಯೇ! ಉಳಿದ ಸಾಹುಕಾರರು ಬಾಯಿಮಾತಿಗಾದರೂ ಇಷ್ಟು ಅಂದಿದ್ದಾರೇನು ಎಂದು ಎಲ್ಲರ ಬಾಯಿ ಮುಚ್ಚಿಸಿದ್ದಳು. ಅದಕ್ಕೇ ಮಾಳಪ್ಪ ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಆ ಪುಣ್ಯಾತ್ಮನಿಗೆ ಹೊಳೆಯಲೂ ಇಲ್ಲ. ಬದುವಿನ ಬೇವಿನ ಗಿಡದ ಕೆಳಗೆ ಅವಳನ್ನು ಹೂಳಿದ.

ಮೂರನೆಯ ದಿನ ಮಣ್ಣಿನ ಮೇಲೆ ಹಾಲು ಎರೆಯುವಾಗ, ಸುದ್ದಿ ತಿಳಿದು ಸಾಹುಕಾರರು ಬಂದರು. ಚಪ್ಪಲಿ ಕಳಚಿಟ್ಟು ಕೈಮುಗಿದರು. ಅವಳ ಕೈಯ ರೊಟ್ಟಿ ನೆನೆದು ಅತ್ತರು. ನಾಟಕದ ಅಳುವಲ್ಲ ಅದು, ಮೂಗೆಲ್ಲ ಕೆಂಪಾಗಿತ್ತು. ಆಮೇಲೆ ಮಾಳಪ್ಪನ ಹೆಗಲ ಮೇಲೆ ಕೈ ಇಟ್ಟರು.

“ಮುಂದಿನ ತಿಂಗಳ ಇಲ್ಲಿ ಪ್ಲಾಟ್ ಹಾಕಾಕತ್ತೇವಿ, ಮಾಳಪ್ಪ. ಹೆಣ ಹುಗದಾರ ಅಂತ ಗೊತ್ತಾದ್ರ ಯಾರು ತಗೋತಾರ? ಸುಡಗಾಡನ್ಯಾಗ ಚಲೋ ಕಟ್ಟಿ ಕಟ್ಟಿಸಿ ಕೊಡ್ತೇನಿ.”

ಮಾಳಪ್ಪ ಹಾಲಿನ ಚೆಂಬು ಕೆಳಗಿಟ್ಟ. ಒಂದೇ ಮಾತು ಕೇಳಿದ.

“ಮೂಡಲಗ್ಯಾಗ ಹೇಳಿದ್ದು ಖರೆ ಇತ್ತೇನ್ರಿ, ಧಣಿ?”

“ನಮ್ಮವ್ವನ ಆಣಿ, ಖರೆ ಐತೋ,” ಎಂದರು ಸಾಹುಕಾರರು. ಅವರ ಕಣ್ಣು ಮತ್ತೆ ಒದ್ದೆಯಾಯಿತು.

ಸುಳ್ಳು ಅನ್ನಬಹುದಿತ್ತಲ್ಲ ಆ ಮನುಷ್ಯ! ಅಂದಿದ್ದರೆ ಮಾಳಪ್ಪ ಬಾಯಿತುಂಬ ಬೈದು ಹಗುರಾಗುತ್ತಿದ್ದ. ಆ ಒದ್ದೆ ಕಣ್ಣು ನೋಡಿದ ಮೇಲೆ ಬೈಯಲೂ ಬಾಯಿ ಬರಲಿಲ್ಲ.

ಅಗೆಯಲು ಆಳುಗಳನ್ನು ಕಳಿಸುತ್ತೇನೆ ಎಂದರು. ಮಾಳಪ್ಪ ಬೇಡವೆಂದ, ಅವಳ ಮೈ ಬೇರೆಯವರು ಮುಟ್ಟುವುದು ಅವನಿಗೆ ಬೇಡವಾಗಿತ್ತು. ಸಲಿಕೆ ತಂದು ತಾನೇ ತೋಡಿದ. ಅವಳಿಗೆ ಹೊದಿಸಿದ್ದ ಕಂಬಳಿಯ ಅಂಚು ಕಂಡಾಗ ಮೊಣಕಾಲೂರಿ ಕೈಯಿಂದಲೇ ಮಣ್ಣು ಸರಿಸಿದ. ಏನೆಂದು ಹೇಳಿ ಎಬ್ಬಿಸುವುದು ಅವಳನ್ನು? ಸಾಹುಕಾರರ ಪರವಾಗಿ ಇಡೀ ಊರಿನ ಜೊತೆ ಜಗಳಾಡಿದವಳು.

“ಏಳು ಕಾಶಿ,” ಎಂದ ಮೆಲ್ಲಗೆ. “ಸಾಹುಕಾರ್ರು ಇದಕ್ಕಿಂತ ಚಲೋ ಜಾಗಾ ಕೊಟ್ಟಾರ.”