ಈಗ ಅಂದಾಗ ಹೋಗದವಳು

ನಮ್ಮ ಮನೆಗೂ ಒಬುಯಾನ ಕಂಪ್ಯೂಟರ್ ಅಂಗಡಿಗೂ ನಡುವೆ ಇರುವುದು ಒಂದೇ ತಗಡಿನ ಗೋಡೆ. ಹೀಗಾಗಿ ಎರಡು ವರ್ಷಗಳಿಂದ ಅಲ್ಲಿ ಹುಡುಗರು ಆಡುವ ಆಟದ ಗಲಾಟೆ ನನ್ನ ಕಿವಿಗೆ ಬೀಳುತ್ತಲೇ ಇದೆ. "ಈಗ! ಈಗ ಬಿಡು!" ಎಂದು ಒಬುಯಾ ಕೂಗುತ್ತಾನೆ. ನನ್ನ ಮೊಮ್ಮಗಳು ಅಪೊಂಡಿ ಬಿಡುತ್ತಾಳೆ. ಏನನ್ನು, ಎಲ್ಲಿಗೆ ಎಂದು ನನಗೆ ತಿಳಿದಿರಲಿಲ್ಲ.

ಕಿಸುಮು ಪಟ್ಟಣದಲ್ಲಿ ದೊಡ್ಡ ಪಂದ್ಯ ಗೊತ್ತಾದಾಗ, ಅಷ್ಟೊಂದು ಗಂಡುಹುಡುಗರ ಜೊತೆ ಇವಳೊಬ್ಬಳನ್ನೇ ಕಳಿಸಲು ನನ್ನ ಸೊಸೆ ಒಪ್ಪಲಿಲ್ಲ. "ಅತ್ತೆ, ನೀವು ಜೊತೇಲಿ ಹೋದ್ರೆ ಸರಿ" ಎಂದಳು. ನಾನು ಬುಟ್ಟಿಗೆ ಎಣ್ಣೆಯಲ್ಲಿ ಕರಿದ ಮಂದಾಜಿ ತುಂಬಿಕೊಂಡು, ಫ್ಲಾಸ್ಕಿನಲ್ಲಿ ಚಹಾ ಹಾಕಿಕೊಂಡು ಹೊರಟೆ.

ಮಟಾಟು ವ್ಯಾನಿನಲ್ಲಿ ಅವಳ ಪಕ್ಕದಲ್ಲೇ ಕೂತು ಕೇಳಿದೆ, "ಆ ಆಟ ಏನು ಅಂತ ಒಂದ್ಸಲ ಬಿಡಿಸಿ ಹೇಳೇ."

"ಆ ಕಡೆ ಐದು ಜನ, ಈ ಕಡೆ ಐದು ಜನ ಅಜ್ಜಿ. ನಮ್ಮ ನಾಲ್ಕು ಹುಡುಗರದ್ದು ದೊಡ್ಡ ಟ್ಯಾಂಕು. ನಂದು ಪುಟ್ಟ ಬಂಡಿ. ಗಾಳಿ ಥರ ಓಡುತ್ತೆ, ಆದ್ರೆ ಒಂದು ಗುಂಡು ಬಿದ್ರೆ ಕತೆ ಮುಗೀತು."

"ಅಂಥಾ ಬಡಪಾಯಿನ ಯಾಕೆ ಮುಂದೆ ಕಳಿಸ್ತೀರಿ?"

"ಅವರು ಎಲ್ಲಿ ಅಡಗಿದಾರೆ ಅಂತ ನೋಡಿ ತೋರ್ಸೋಕೆ. ನಾನು ತೋರ್ಸಿದ್ರೆ ದೊಡ್ಡವರು ದೂರದಿಂದ ಹೊಡೀತಾರೆ. ಬೇಗ ಹೋದ್ರೆ ನಮ್ಮೋರು ಇನ್ನೂ ಗುಡ್ಡ ಹತ್ತಿರಲ್ಲ, ನಾನೊಬ್ಳೇ ಸಾಯ್ತೀನಿ. ತಡ ಮಾಡಿದ್ರೆ ಅವರೇ ನಮ್ಮನ್ನ ಮೊದಲು ನೋಡಿಬಿಡ್ತಾರೆ."

"ಮತ್ತೆ ಯಾವಾಗ ಹೋಗ್ಬೇಕು?"

"ಒಬುಯಾ ಈಗ ಅಂದಾಗ."

ಬೇಗ ಹೋದರೂ ಸಾವು, ತಡವಾದರೂ ಸಾವು. ಇದನ್ನು ಆಟ ಎನ್ನುತ್ತಾರಲ್ಲ ಎಂದುಕೊಂಡೆ.

ಮುಂದಿನ ಸೀಟಿನಿಂದ ಒಬುಯಾ ತಿರುಗಿದ. "ಅಜ್ಜಿ, ನಮ್ಮೂರಲ್ಲಿ ಕೂತು ಆಡೋವಾಗ ಆಟ ನಡೆಸೋ ಯಂತ್ರ ಸಮುದ್ರದಾಚೆ ಇರುತ್ತೆ. ಗುಂಡಿ ಒತ್ತಿದ್ರೆ ಮಾತು ಅಲ್ಲಿಗೆ ಹೋಗಿ ವಾಪಸ್ ಬರ್ಬೇಕು. ಬಂಡಿ ಹೊರಡೋಷ್ಟರಲ್ಲಿ ಒಂದು ತುತ್ತು ಉಗಾಲಿ ನುಂಗ್ಬಹುದು. ಕಿಸುಮುವಲ್ಲಿ ಯಂತ್ರ ಅದೇ ಕೋಣೇಲಿ ಇರುತ್ತಂತೆ. ಇವತ್ತು ನಾವು ಹಾರ್ತೀವಿ ನೋಡಿ!"

ಹುಡುಗರೆಲ್ಲ ಹೋ ಎಂದರು. ನಾನೂ ಹೋ ಎಂದೆ.

ಪಂದ್ಯ ನಡೆದದ್ದು ಒಂದು ದೊಡ್ಡ ಕಟ್ಟಡದ ಮೇಲ್ಮಹಡಿಯಲ್ಲಿ. ಮೂರರಲ್ಲಿ ಎರಡು ಸುತ್ತು ಗೆದ್ದವರು ಮುಂದಕ್ಕೆ. ನಾನು ಅಪೊಂಡಿಯ ಬೆನ್ನಿಗೇ ಕುರ್ಚಿ ಹಾಕಿಸಿಕೊಂಡೆ. ಪಕ್ಕದಲ್ಲಿ ಡಿಕ್ಸನ್ ಕಡಲೆಕಾಯಿ ಬಿಡಿಸುತ್ತಿದ್ದ. ತಂಡದಲ್ಲಿ ಯಾರಾದರೂ ಎದ್ದರೆ ಆ ಜಾಗಕ್ಕೆ ಕೂರಲು ಬಂದ ಹುಡುಗ ಅವನು. ಅವನ ಕಣ್ಣು ಮೊದಲಿನಿಂದಲೂ ಇವಳ ಕುರ್ಚಿಯ ಮೇಲೇ.

ಮೊದಲ ಸುತ್ತು. "ಈಗ!" ಎಂದ ಒಬುಯಾ. ಅಪೊಂಡಿ ಒತ್ತಿದಳು. ಬಂಡಿ ಕಣಿವೆಗೆ ನುಗ್ಗಿತು, ಧಗ್ ಎಂದು ಉರಿಯಿತು. ನಮ್ಮ ದೊಡ್ಡವರು ಇನ್ನೂ ಗುಡ್ಡದ ಬುಡದಲ್ಲಿ ತೆವಳುತ್ತಿದ್ದರು. ಆಮೇಲೆ ಅವರೂ ಒಬ್ಬೊಬ್ಬರಾಗಿ ಉರಿದರು.

"ಏನೇ ಅವಸರ ನಿಂಗೆ? ಮದುವೆ ಊಟಕ್ಕೆ ಹೊರಟಿದ್ಯಾ?" ಒಬುಯಾ ಕಿರುಚಿದ.

"ನೀನು ಈಗ ಅಂದೆ, ನಾನು ಹೋದೆ."

"ದಿನಾ ಹೇಳೋ ಹೊತ್ತಿಗೇ ಹೇಳಿದೀನಿ!"

"ನಾನೂ ದಿನಾ ಹೋಗೋ ಹೊತ್ತಿಗೇ ಹೋಗಿದೀನಿ!"

ನಾನು ಇಬ್ಬರ ಮುಖವನ್ನೂ ನೋಡಿದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ಬಂಡಿ ಉರಿದದ್ದು ಯಾಕೆ?

"ಇನ್ನೊಂದೇ ಅವಕಾಶ," ಎಂದ ಒಬುಯಾ. "ಮತ್ತೆ ಹೀಗಾದ್ರೆ ಡಿಕ್ಸನ್ ಕೂರ್ತಾನೆ. ಇವತ್ತಿಗೆ ಮಾತ್ರ ಅಲ್ಲ."

"ಕುರ್ಚಿ ಬಿಸಿ ಮಾಡಿಟ್ಟಿರು ತಂಗಿ," ಎಂದ ಡಿಕ್ಸನ್.

ಅಪೊಂಡಿಯ ಕಣ್ಣಲ್ಲಿ ನೀರು ಬಂದಿತ್ತು. ಆ ಕುರ್ಚಿಗಾಗಿ ಅವಳು ಎಷ್ಟು ಸಂಜೆ ಕೂತಿದ್ದಾಳೆ ಎಂದು ಗೋಡೆಯಾಚೆಯಿಂದ ಕೇಳಿದವಳು ನಾನು. ಚಹಾ ಬಗ್ಗಿಸಿ ಕೊಟ್ಟೆ. ಅವಳು ಕುಡಿಯಲಿಲ್ಲ. ಬಿಡುವಿನಲ್ಲಿ ಬೇರೆ ಯಾರೂ ಇಲ್ಲದ ಮೈದಾನವೊಂದನ್ನು ತೆರೆದು ಗುಂಡಿ ಒತ್ತಿದಳು. ಬಂಡಿ ಹಾರಿತು. ನಿಲ್ಲಿಸಿ ಮತ್ತೆ ಒತ್ತಿದಳು. ಮತ್ತೆ ಹಾರಿತು. ಹೀಗೇ ಒತ್ತುತ್ತಲೇ ಇದ್ದಳು. ಹುಡುಗಿಗೆ ತಲೆ ಕೆಟ್ಟಿತೇ ಎಂದು ನನಗೆ ಭಯವಾಯಿತು.

"ಅಜ್ಜಿ, ಇದು ಕಾಯೋದೇ ಇಲ್ಲ."

"ಕಾಯದಿದ್ರೆ ಒಳ್ಳೇದೇ ಅಲ್ವೇನೇ? ಬರ್ತಾ ಹಾಗೇ ಅಂದ್ರಲ್ಲ?"

"ಇಲ್ಲ ಅಜ್ಜಿ. ಊರಲ್ಲಿ ಬಂಡಿ ತಡವಾಗಿ ಹೊರಡುತ್ತಲ್ಲ, ಅದಕ್ಕೇ ಎರಡು ವರ್ಷದಿಂದ ಅವನು ಒಂದು ತುತ್ತು ಮುಂಚೇನೇ ಕೂಗ್ತಾ ಬಂದಿದಾನೆ. ಅವನಿಗೇ ಗೊತ್ತಿಲ್ಲ."

ಅವನಿಗೂ ಹೇಳಿದಳು. "ಸೋತೋರೆಲ್ಲ ಕತೆ ಕಟ್ತಾರೆ. ಈಗ ಅಂದಾಗ ಹೋಗು, ಅಷ್ಟೇ," ಎಂದು ಅವನು ಕಿವಿಯ ಮೇಲೆ ಹೆಡ್‌ಫೋನ್ ಎಳೆದುಕೊಂಡ.

ನನಗೆ ಯಾರನ್ನು ನಂಬಬೇಕೋ ತೋಚಲಿಲ್ಲ. ನಿಧಾನವಾದ ಕಡೆ ಬೇಗ ಹೋಗಬೇಕಂತೆ, ಬೇಗ ನಡೆಯುವ ಕಡೆ ನಿಧಾನವಾಗಿ ಹೋಗಬೇಕಂತೆ.

ಎರಡನೆಯ ಸುತ್ತು. "ಈಗ!"

ಅಪೊಂಡಿ ಗುಂಡಿಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಈಗ ಅಂದ್ನಲ್ಲ! ಸತ್ತೋದ್ಯಾ?"

ಅವಳು ಕದಲಲಿಲ್ಲ. ಡಿಕ್ಸನ್ ಕಡಲೆಕಾಯಿ ಜೇಬಿಗೆ ಹಾಕಿಕೊಂಡು ಎದ್ದು ನಿಂತ. ನನಗೂ ತಡೆಯಲಾಗಲಿಲ್ಲ. "ಹೋಗೇ ಮಾರಾಯ್ತಿ, ಹೋಗೇ!" ಎಂದು ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದೆ.

ನಮ್ಮ ಟ್ಯಾಂಕುಗಳ ಮೂತಿ ಗುಡ್ಡದ ನೆತ್ತಿಯಲ್ಲಿ ಕಂಡಿತು. ಆಗ ಅವಳು ಒತ್ತಿದಳು. ಬಂಡಿ ಕಣಿವೆಯಲ್ಲಿ ಮಿಂಚಿ ಬಳಸಿ ಬರುವಷ್ಟರಲ್ಲಿ ಎದುರಾಳಿಗಳು ಕಂಡರು, ಮೇಲಿಂದ ನಮ್ಮ ನಾಲ್ಕೂ ಟ್ಯಾಂಕುಗಳು ಗುಂಡು ಹಾರಿಸಿದವು. ಸುತ್ತು ನಮ್ಮದಾಯಿತು.

ಒಬುಯಾ ಹೆಡ್‌ಫೋನ್ ಕಳಚಿ ಅವಳನ್ನೇ ನೋಡಿದ. ಬೈಯಬೇಕೋ ಹೊಗಳಬೇಕೋ ಅವನಿಗೆ ತಿಳಿಯಲಿಲ್ಲ. ನನಗೂ ಅಷ್ಟೇ. ಡಿಕ್ಸನ್ ನಿಂತೇ ಇದ್ದ.

"ಕೂತ್ಕೊಳೋ," ಎಂದ ಒಬುಯಾ ಕೊನೆಗೆ.

ಮೂರನೆಯ ಸುತ್ತಿನಲ್ಲಿ 'ಈಗ' ಹೊರಬೀಳದಂತೆ ಅವನು ಬಾಯಿಯ ಮೇಲೆ ಒಂದು ಕೈ ಇಟ್ಟುಕೊಂಡೇ ಆಡಿದ. ಒಂದೇ ಕೈಯಲ್ಲಿ ಎಷ್ಟು ಆಡಿಯಾನು? ಕೂದಲೆಳೆಯ ಅಂತರದಲ್ಲಿ ಸೋತೆವು.

ವಾಪಸ್ ಬರುವಾಗ ಡಿಕ್ಸನ್ ಕೇಳಿಯೇಬಿಟ್ಟ. "ಮುಂದಿನ ಸಲ ನಾನು ತಾನೇ?"

"ಆ ಕುರ್ಚಿ ಅವಳದು. ನಂಗೇ ಬೇರೆ ಬಾಯಿ ಬೇಕಾಗಿದೆ," ಎಂದ ಒಬುಯಾ. ಅಪೊಂಡಿ ನನ್ನ ಭುಜಕ್ಕೆ ತಲೆಯಿಟ್ಟು ತಣ್ಣಗಾದ ಮಂದಾಜಿ ತಿಂದಳು.

ಮರುದಿನ ನಾನು ಅಂಗಳದಲ್ಲಿ ಒಮೆನಾ ಮೀನು ಹರವುತ್ತಿದ್ದೆ. ಗೋಡೆಯಾಚೆಯಿಂದ ಕೇಳಿಸಿತು.

"ನಮ್ಮೋರು ಗುಡ್ಡದ ಮೇಲೆ ಬಂದಾಯ್ತು! ಈಗ!"

ಸದ್ದಿಲ್ಲ. ಆಮೇಲೆ ಗುಂಡಿನ ಸುರಿಮಳೆ, ಹುಡುಗರ ಬೊಬ್ಬೆ.

"ತಡ ಆಯ್ತಲ್ಲೇ!"

"ನೀನು ಅಂದ ಕೂಡ್ಲೇ ಒತ್ತಿದೀನಿ!"

"ಗುಡ್ಡದ ನೆತ್ತಿ ನೋಡ್ಕೊಂಡೇ ಅಂದಿದೀನಿ, ನೀನೇ ನಿನ್ನೆ ಹಾಗೇ ಮಾಡಿದ್ದು!"

ನಾನು ಮೀನಿನ ಕೈಯಲ್ಲೇ ಹೋಗಿ ತಗಡು ಬಡಿದೆ. "ಲೋ ಒಬುಯಾ, ಇಲ್ಲಿ ಯಂತ್ರಕ್ಕೂ ನಿಮಗೂ ನಡುವೆ ಸಮುದ್ರ ಇದೆ ಕಣ್ರೋ! ಮರೆತ್ರಾ?"

ನಾನು ಸರಿ ಹೇಳಿದೆನೋ ತಪ್ಪು ಹೇಳಿದೆನೋ ಗೊತ್ತಾಗದೆ ಗೋಡೆಗೆ ಕಿವಿಯಿಟ್ಟು ನಿಂತೆ. ಮೊದಲು ನಕ್ಕವಳು ಅಪೊಂಡಿ.